ಔಷಧಿ ಕೊಟ್ಟರು, ಎಳೆಯುವುದನ್ನು ಹೇಳಿಕೊಡಲಿಲ್ಲ

(ವಿಶ್ವ ಅಸ್ತಮಾ ದಿನದ ಅಂಗವಾಗಿ ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸುಮಾರು ಹದಿನೈದು ವರ್ಷದ ಹಿಂದೆ ನಾನು ಕೊಪ್ಪಳದ ಕಡೆ ಕೆಲಸ ಮಾಡುತ್ತಿದ್ದೆ. ಒಬ್ಬ ಅಜ್ಜಿ ಮೂರು ತಿಂಗಳಲ್ಲಿ ನಾಲ್ಕನೇ ಸಲ ನನ್ನ ರಾತ್ರಿ ಪಾಳಿಯಲ್ಲೇ ಬಂದರು. ಎರಡೂ ಕೈ ಮಂಚಕ್ಕೆ ಊರಿ, ಹೆಗಲು ಎತ್ತಿ ಎತ್ತಿ ಉಸಿರೆಳೆಯುತ್ತಿದ್ದರು. ನೆಬ್ಯುಲೈಸರ್ ಹಾಕಿ, ಉಸಿರು ಹದಕ್ಕೆ ಬಂದ ಮೇಲೆ ಅವರ ಚೀಟಿ ನೋಡಿದೆ. ಔಷಧಿ ಸರಿಯಾಗಿಯೇ ಇತ್ತು. ಬರೆದವಳು ನಾನೇ. "ಅಜ್ಜಿ, ಇದನ್ನ ದಿನಾ ತಗೊಂತೀರಿಲ್ರೀ?" ಎಂದು ಕೇಳಿದೆ. "ಎರಡೂ ಹೊತ್ತು ತಗೊಂತೀನ್ರೀ ಯವ್ವಾ, ಒಂದ ದಿನಾನೂ ತಪ್ಪಿಸಿಲ್ಲ" ಅಂದರು. ಸೆರಗಿನ ಗಂಟು ಬಿಚ್ಚಿ ಡಬ್ಬಿ ತೋರಿಸಿದರು. "ನುಂಗಾಕ ಒಂಚೂರು ತ್ರಾಸ ಆಗತೈತಿ, ನೀರು ಜಾಸ್ತಿ ಬೇಕು."

ಅದು ರೋಟಾಕ್ಯಾಪ್. ಸಾಧನದೊಳಗೆ ಇಟ್ಟು, ತಿರುಗಿಸಿ ಒಡೆದು, ಒಳಗಿನ ಪುಡಿಯನ್ನು ಬಾಯಿಂದ ಎಳೆದುಕೊಳ್ಳಬೇಕಾದ ಕ್ಯಾಪ್ಸೂಲ್. ನೋಡಲು ಯಾವ ಗುಳಿಗೆಗೂ ವ್ಯತ್ಯಾಸವಿಲ್ಲ. ಅಜ್ಜಿ ಮೂರು ತಿಂಗಳು ಶ್ರದ್ಧೆಯಿಂದ ಅದನ್ನು ನುಂಗಿದ್ದರು. ಜೊತೆಗೆ ಕೊಟ್ಟಿದ್ದ ಪ್ಲಾಸ್ಟಿಕ್ ಸಾಧನ ಎಲ್ಲಿ ಎಂದರೆ, ಮೊಮ್ಮಗ ಆಡಲು ಒಯ್ದಿದ್ದ.

ಆ ಅಜ್ಜಿ ತಪ್ಪು ಮಾಡಿದರು ಅಂತ ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ಅವರು ಬದುಕಿನಲ್ಲಿ ನೋಡಿದ ಪ್ರತಿ ಕ್ಯಾಪ್ಸೂಲನ್ನೂ ನುಂಗಿಯೇ ಇದ್ದರು. ಇದನ್ನು ನುಂಗಬಾರದು ಎಂದು ಹೇಳಬೇಕಾದವಳು ನಾನು. ಹೊರಗೆ ಎಂಬತ್ತು ಜನ ಕಾಯುತ್ತಿದ್ದರು, ಚೀಟಿ ಬರೆದು ಮುಂದಿನವರನ್ನು ಕರೆದಿದ್ದೆ. ಸಾಧನ ಕೊಟ್ಟವರು ಕೊಟ್ಟರು, ಔಷಧಿ ಕೊಟ್ಟವರು ಕೊಟ್ಟರು. ಹೇಳಿಕೊಡುವ ಕೆಲಸ ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ. ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿರುವ ವಿಷಯವನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಅಸ್ತಮಾ ಎಂಬ ಈ ಕಾಯಿಲೆಗೆ ನಮ್ಮಲ್ಲಿ ಹೆಸರಿಗೆ ಕೊರತೆಯಿಲ್ಲ. ಉತ್ತರದ ಕಡೆ ದಮ್ಮು, ಇಲ್ಲಿ ಉಬ್ಬಸ, ಹಿರಿಯರ ಬಾಯಲ್ಲಿ ಗೂರಲು. ಮಕ್ಕಳಿಗೆ ಬಂದರೆ 'ವೀಸಿಂಗು', 'ಕಫ ಕಟ್ಟಿದೆ', 'ಎದೆ ಗೊರಗೊರ ಅನ್ನುತ್ತೆ'. ಶ್ವಾಸನಾಳಗಳ ಒಳಗೋಡೆ ಸದಾ ಸ್ವಲ್ಪ ಊದಿಕೊಂಡಿರುತ್ತದೆ, ಮುಟ್ಟಿದರೆ ಮುನಿಯುತ್ತದೆ. ಧೂಳು, ಹೊಗೆ, ನೆಗಡಿ, ಕಾಂಗ್ರೆಸ್ ಗಿಡದ ಹೂವಿನ ಪರಾಗ, ಚಳಿಗಾಲದ ಮುಂಜಾವು, ಹೀಗೆ ಯಾವುದೋ ಒಂದು ತಾಕಿದರೆ ನಾಳಗಳ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಉಸಿರು ಒಳಗೆ ಹೋದಷ್ಟು ಸಲೀಸಾಗಿ ಹೊರಗೆ ಬರುವುದಿಲ್ಲ. ಇದು ಅಂಟುವ ರೋಗ ಅಲ್ಲ, ಕ್ಷಯ ಅಲ್ಲ. ಬೇರುಸಹಿತ ಕಿತ್ತು ಹಾಕುವ ಔಷಧಿ ಇಲ್ಲ. ಆದರೆ ಹಿಡಿತದಲ್ಲಿಡುವ ಔಷಧಿ 1970ರ ದಶಕದಿಂದಲೂ ಇದೆ, ಸರಿಯಾಗಿ ತೆಗೆದುಕೊಂಡವರು ಓಡುತ್ತಾರೆ, ಗದ್ದೆ ಕೆಲಸ ಮಾಡುತ್ತಾರೆ, ರಾತ್ರಿ ನಿದ್ದೆ ಮಾಡುತ್ತಾರೆ.

ಹೀಗಿದ್ದೂ ಒಂದು ಲೆಕ್ಕ ನೋಡಿ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಭಾರತದವರು ಸುಮಾರು ಶೇ. 13. ಜಗತ್ತಿನಲ್ಲಿ ಅಸ್ತಮಾದಿಂದ ಸಾಯುವವರಲ್ಲಿ ಭಾರತದವರು ಶೇ. 40ಕ್ಕಿಂತ ಹೆಚ್ಚು. ನಮ್ಮ ಗಾಳಿ ಕೆಟ್ಟಿರುವುದು ನಿಜ, ಆಸ್ಪತ್ರೆ ದೂರ ಇರುವುದೂ ನಿಜ. ಆದರೆ 2017–18ರ ಸುಮಾರಿನಲ್ಲಿ ದೇಶದ ಒಂಬತ್ತು ಊರುಗಳಲ್ಲಿ ಒಂದು ದೊಡ್ಡ ಸಮೀಕ್ಷೆ ನಡೆಯಿತು, ನಮ್ಮ ಮೈಸೂರೂ ಅದರಲ್ಲಿತ್ತು. ಎದೆ ಗೊರಗುಟ್ಟುವ ತೊಂದರೆ ಇದ್ದವರಲ್ಲಿ ಶೇ. 82ರಷ್ಟು ಜನರಿಗೆ ಅದು ಅಸ್ತಮಾ ಎಂದು ಯಾರೂ ಹೇಳಿಯೇ ಇರಲಿಲ್ಲ. ತೀವ್ರ ಲಕ್ಷಣಗಳಿದ್ದವರಲ್ಲೂ ಶೇ. 70ರಷ್ಟು ಜನರದ್ದು ಇದೇ ಕಥೆ. ಕಾಯಿಲೆಯ ಹೆಸರೇ ಗೊತ್ತಿಲ್ಲದವರು ಅದರ ಔಷಧಿ ಹುಡುಕುವುದು ಹೇಗೆ? ಪ್ರತಿ ಸಲ 'ಕಫ'ಕ್ಕೆ ಸಿರಪ್ಪು, ಉಸಿರು ಕಟ್ಟಿದಾಗ ಒಂದು ಸೂಜಿ, ಬೆಳಿಗ್ಗೆ ಮನೆಗೆ. ಮುಂದಿನ ತಿಂಗಳು ಮತ್ತೆ ಅದೇ.

ಆರೋಗ್ಯ ಸಾಕ್ಷರತೆ ಎಂಬ ಮಾತು ಇಲ್ಲಿ ಬರುತ್ತದೆ. 1974ರಲ್ಲಿ ಅಮೆರಿಕದ ಸ್ಕಾಟ್ ಸೈಮಂಡ್ಸ್ ಎಂಬವರು ಶಾಲೆಗಳ ಆರೋಗ್ಯ ಶಿಕ್ಷಣದ ಬಗ್ಗೆ ಬರೆಯುತ್ತ ಬಳಸಿದ ಪದ ಇದು. ಅಕ್ಷರ ಓದಲು ಬರುವುದು ಅಷ್ಟೇ ಅಲ್ಲ. ಆರೋಗ್ಯದ ವಿಷಯ ಎಲ್ಲಿ ಕೇಳಬೇಕು, ಕೇಳಿದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು, ಅರ್ಥವಾದದ್ದನ್ನು ಮನೆಗೆ ಹೋಗಿ ಹೇಗೆ ಮಾಡಬೇಕು ಎಂಬುದೆಲ್ಲ ಸೇರಿ ಈ ಸಾಕ್ಷರತೆ.

ಬೇರೆ ಕಾಯಿಲೆಗಳಿಗಿಂತ ಅಸ್ತಮಾದಲ್ಲಿ ಇದು ಇಷ್ಟು ಮುಖ್ಯವಾಗಲು ಕಾರಣವಿದೆ. ಬಿ.ಪಿ. ಮಾತ್ರೆ ಏಕೆ ಕೊಟ್ಟಿದ್ದಾರೆಂದು ಗೊತ್ತಿಲ್ಲದೆ ನುಂಗಿದರೂ ಅದು ತನ್ನ ಕೆಲಸ ಮಾಡುತ್ತದೆ. ಅಸ್ತಮಾದ ಔಷಧಿ ಹಾಗಲ್ಲ. ಅದು ಸೈಕಲ್ ಇದ್ದಂತೆ, ಕೊಂಡುಕೊಂಡರೆ ಸಾಲದು, ತುಳಿಯಲು ಕಲಿಯಬೇಕು. ಪಂಪನ್ನು, ಅಂದರೆ ಒತ್ತಿ ಎಳೆಯುವ ಇನ್ಹೇಲರನ್ನು, ಒತ್ತುವ ಕ್ಷಣಕ್ಕೂ ಉಸಿರೆಳೆಯುವ ಕ್ಷಣಕ್ಕೂ ತಾಳ ತಪ್ಪಿದರೆ ಔಷಧಿ ನಾಲಿಗೆ ಮೇಲೆ, ಗಂಟಲ ಗೋಡೆಯ ಮೇಲೆ ಕೂರುತ್ತದೆ. ಎದೆಗೆ ಇಳಿಯುವುದಿಲ್ಲ.

ಇನ್ನೂ ಒಂದು ತೊಡಕಿದೆ. ಪಂಪನ್ನು ನಿಧಾನವಾಗಿ, ಉದ್ದಕ್ಕೆ ಎಳೆಯಬೇಕು. ಪುಡಿಯ ಸಾಧನವನ್ನು ಜೋರಾಗಿ, ರಭಸದಿಂದ ಎಳೆಯಬೇಕು, ಇಲ್ಲದಿದ್ದರೆ ಪುಡಿ ಮೇಲೇಳುವುದೇ ಇಲ್ಲ. ಒಂದಕ್ಕೆ ಸರಿಯಾದದ್ದು ಇನ್ನೊಂದಕ್ಕೆ ತಪ್ಪು. ಹೋದ ತಿಂಗಳು ಪಂಪು ಇತ್ತು, ಈ ತಿಂಗಳು ಅಂಗಡಿಯಲ್ಲಿ ಸಿಗಲಿಲ್ಲವೆಂದು ಪುಡಿ ಕೊಟ್ಟರು ಅನ್ನಿ. ಹಳೆಯ ಅಭ್ಯಾಸದಲ್ಲೇ ಎಳೆದವರಿಗೆ ಔಷಧಿ ಸಿಕ್ಕಿದ್ದೂ ಸಿಗದಂತೆಯೇ. 1975ರಿಂದ 2014ರವರೆಗೆ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದವರಿಗೆ ಸರಿಯಾಗಿ ಎಳೆಯುವವರು ಸಿಕ್ಕಿದ್ದು ಶೇ. 31 ಮಾತ್ರ. ನಲವತ್ತು ವರ್ಷಗಳಲ್ಲಿ ಸಾಧನಗಳು ಎಷ್ಟೋ ಬದಲಾದವು, ಈ ಪ್ರಮಾಣ ಸುಧಾರಿಸಲಿಲ್ಲ.

ಓದಿದವರೂ ತಪ್ಪುತ್ತಾರೆ, ಅದನ್ನು ಹೇಳಲೇಬೇಕು. ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ನನ್ನ ಬಂಧುವೊಬ್ಬರು ಪಂಪನ್ನು ಬಾಯಿಗೆ ಒತ್ತಿ, ಉಸಿರನ್ನು ಮೂಗಿನಿಂದ ಎಳೆಯುತ್ತಿದ್ದರು. ಆದರೆ ಅವರಿಗೂ ಕೊಪ್ಪಳದ ಅಜ್ಜಿಗೂ ಇರುವ ವ್ಯತ್ಯಾಸ ಗಮನಿಸಿ. ಎರಡು ವಾರದಲ್ಲಿ ಗುಣ ಕಾಣದಾಗ ಬಂಧು ನನಗೆ ಫೋನ್ ಮಾಡಿದರು, ಮೊಬೈಲಿನಲ್ಲಿ ವಿಡಿಯೋ ನೋಡಿದರು, ಬೇಡವೆನಿಸಿದರೆ ಇನ್ನೊಬ್ಬ ವೈದ್ಯರ ಹತ್ತಿರ ಹೋಗುತ್ತಿದ್ದರು. ಅಜ್ಜಿಗೆ ಇದ್ದದ್ದು ಒಂದೇ ಕಿಟಕಿ, ಔಷಧಿ ಕೊಡುವ ಕಿಟಕಿ. ಅಲ್ಲಿ ಹೇಳದೇ ಹೋದದ್ದು ಅವರಿಗೆ ಮತ್ತೆಲ್ಲೂ ಸಿಗಲಿಲ್ಲ. ಒಂದೇ ತಪ್ಪಿಗೆ ಒಬ್ಬರು ಹದಿನೈದು ದಿನದ ಕೆಮ್ಮು ತೆತ್ತರು, ಇನ್ನೊಬ್ಬರು ನಾಲ್ಕು ರಾತ್ರಿ ಸಾವಿನ ಹತ್ತಿರ ಹೋಗಿ ಬಂದರು. ಆರೋಗ್ಯದ ಅಸಮಾನತೆ ಎಂದು ನಾನು ಕರೆಯುವುದು ಇದನ್ನೇ.

1998ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಈ ಮಾತನ್ನು ಅಂಕಿಯಲ್ಲಿ ತೋರಿಸಿತು. ಬಡವರು ಹೆಚ್ಚಾಗಿ ಬರುವ ಸಾರ್ವಜನಿಕ ಆಸ್ಪತ್ರೆಯಲ್ಲಿ 483 ಅಸ್ತಮಾ ರೋಗಿಗಳ ಓದುವ ಶಕ್ತಿ ಅಳೆದರು, ಆಮೇಲೆ ಪಂಪು ಕೊಟ್ಟು ಬಳಸಿ ತೋರಿಸಿ ಅಂದರು. ಮೂರನೇ ತರಗತಿಯ ಮಟ್ಟಕ್ಕಿಂತ ಕಡಿಮೆ ಓದು ಬರುವವರಲ್ಲಿ ಶೇ. 89 ಜನ ತಪ್ಪಾಗಿ ಬಳಸಿದರು. ಹೈಸ್ಕೂಲು ಮಟ್ಟದ ಓದು ಇದ್ದವರಲ್ಲಿ ತಪ್ಪಿದವರು ಶೇ. 48. ಹೈಸ್ಕೂಲು ಮಟ್ಟದ ಓದು ಬರುವವರಲ್ಲೂ ಸುಮಾರು ಅರ್ಧದಷ್ಟು ಜನ ತಪ್ಪಿದ್ದರು ಎಂಬುದೂ ಇಲ್ಲಿದೆ, ನೆನಪಿರಲಿ.

ಆದರೆ ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು 2005ರ ಇನ್ನೊಂದು ಅಧ್ಯಯನ. ಅದೂ ಅಮೆರಿಕದ್ದೇ. ಅಸ್ತಮಾ ಜೋರಾಗಿ ಆಸ್ಪತ್ರೆ ಸೇರಿದವರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಅವರವರಿಗೆ ತಕ್ಕಂತೆ ಪಂಪು ಹಿಡಿಯುವುದನ್ನು, ಮನೆಗೆ ಹೋದ ಮೇಲೆ ಏನು ಮಾಡಬೇಕೆಂಬುದನ್ನು ಹೇಳಿಕೊಟ್ಟರು. ಬಾರದಿದ್ದರೆ ಮತ್ತೆ ಹೇಳಿಕೊಟ್ಟರು. ಮೊದಲು ಓದು ಕಡಿಮೆ ಇದ್ದವರು ಹಿಂದಿದ್ದರು. ಕಲಿಸಿದ ಮೇಲೆ, ಎರಡು ವಾರ ಬಿಟ್ಟು ನೋಡಿದರೂ, ಓದು ಬಂದವರಿಗೂ ಬಾರದವರಿಗೂ ಆ ಅಂತರ ಉಳಿದಿರಲಿಲ್ಲ. ಅಂದರೆ ಅಂತರ ಇದ್ದದ್ದು ರೋಗಿಯ ಬುದ್ಧಿಯಲ್ಲಿ ಅಲ್ಲ, ನಾವು ಅವರಿಗೆ ಕೊಟ್ಟ ಸಮಯದಲ್ಲಿ. ಇದನ್ನು ಓದಿದ ದಿನ ನನಗೆ ಆ ಅಜ್ಜಿ ನೆನಪಾದರು. ಹಂತಿ ಪದ ನೂರಾರು ಸಾಲು ಬಾಯಿಪಾಠ ಹೇಳುತ್ತಿದ್ದ ಹೆಂಗಸು ಅವರು. ಪಂಪಿನ ನಾಲ್ಕು ಹೆಜ್ಜೆ ಅವರಿಗೆ ಎಷ್ಟರದು?

ಈಗ ನಮ್ಮ ಜನರ ಮನಸ್ಸಿನಲ್ಲಿರುವ ಒಂದೆರಡು ಭಯಗಳ ಬಗ್ಗೆ. ಅವನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

"ಪಂಪು ಕೊನೇ ಹಂತಕ್ಕೆ ಕೊಡೋದಲ್ವಾ ಮೇಡಂ? ಒಂದ್ಸಲ ಶುರು ಮಾಡಿದ್ರೆ ಅಭ್ಯಾಸ ಆಗ್ಬಿಡುತ್ತಂತೆ." ವಾರಕ್ಕೆ ಹತ್ತು ಸಲ ಕೇಳುತ್ತೇನೆ. ಇದಕ್ಕೆ ನಾನು ಕೊಡುವ ಉತ್ತರ ಒಂದು ಲೆಕ್ಕ. ಸಾಲ್ಬುಟಮಾಲ್ ಎಂಬ ಔಷಧಿ ಮಾತ್ರೆಯಲ್ಲೂ ಬರುತ್ತದೆ, ಪಂಪಿನಲ್ಲೂ ಬರುತ್ತದೆ. ಒಂದು ಮಾತ್ರೆಯಲ್ಲಿ 4 ಮಿಲಿಗ್ರಾಂ. ಪಂಪಿನ ಒಂದು ಒತ್ತಿನಲ್ಲಿ 100 ಮೈಕ್ರೋಗ್ರಾಂ. ಅಂದರೆ ಆ ಒಂದು ಮಾತ್ರೆ ನಲವತ್ತು ಒತ್ತಿಗೆ ಸಮ. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ ಎದೆಗೆ ಬರುತ್ತದೆ, ದಾರಿಯಲ್ಲಿ ಕೈ ನಡುಗಿಸುತ್ತದೆ, ಎದೆ ಡವಡವ ಹೊಡೆಸುತ್ತದೆ. ಪಂಪು ನೇರ ಎದೆಗೇ ಕೊಡುತ್ತದೆ. ಗದ್ದೆಯ ಒಂದು ಮೂಲೆಯ ಸಸಿ ಬಾಡಿದರೆ ಅದರ ಬುಡಕ್ಕೆ ಒಂದು ಚೊಂಬು ನೀರು ಹಾಕುತ್ತೀರಾ, ಊರ ಕೆರೆಯ ತೂಬು ಎತ್ತಿಸುತ್ತೀರಾ? ಹೀಗೆ ಕೇಳಿದಾಗ ರೈತರ ಮುಖ ಬದಲಾಗುವುದನ್ನು ನೋಡಿದ್ದೇನೆ.

ಸ್ಟಿರಾಯ್ಡ್ ಎಂಬ ಪದದ ಭಯ ಇನ್ನೂ ಆಳವಾದದ್ದು. ಮಾತ್ರೆಯಾಗಿ ತಿಂಗಳುಗಟ್ಟಲೆ ನುಂಗಿದರೆ ಆ ಭಯಕ್ಕೆ ಕಾರಣವಿದೆ, ಮುಖ ಊದುತ್ತದೆ, ಮೂಳೆ ಸವೆಯುತ್ತದೆ. ದುಃಖವೆಂದರೆ ಪಂಪಿನ ಸ್ಟಿರಾಯ್ಡಿಗೆ ಹೆದರಿ ದೂರ ಇರುವ ಎಷ್ಟೋ ಜನ, ಉಬ್ಬಸ ಜೋರಾದಾಗಲೆಲ್ಲ ಮೆಡಿಕಲ್ ಶಾಪಿನಿಂದ ಅದೇ ಜಾತಿಯ ಸ್ಟಿರಾಯ್ಡನ್ನು ಚಿಕ್ಕ ಮಾತ್ರೆಯ ರೂಪದಲ್ಲಿ, ಹತ್ತಾರು ಪಟ್ಟು ಹೆಚ್ಚು ಪ್ರಮಾಣದಲ್ಲಿ, ಹೆಸರು ಗೊತ್ತಿಲ್ಲದೆ ತಂದು ನುಂಗುತ್ತಿರುತ್ತಾರೆ. ಪಂಪು ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿದರೆ ಗಂಟಲಿನ ತೊಂದರೆಯೂ ಬಹುಪಾಲು ತಪ್ಪುತ್ತದೆ. ಈ ಮುಕ್ಕಳಿಸುವ ವಿಷಯವನ್ನೂ ಹೇಳುವವರು ಕಡಿಮೆ.

ಎರಡು ಪಂಪುಗಳ ವ್ಯತ್ಯಾಸ ಗೊತ್ತಾಗದೆ ಆಗುವ ಅನಾಹುತ ಎಲ್ಲಕ್ಕಿಂತ ದೊಡ್ಡದು. ಸಾಮಾನ್ಯವಾಗಿ ನೀಲಿ ಬಣ್ಣದ್ದು ತಕ್ಷಣಕ್ಕೆ ಉಸಿರು ಬಿಡಿಸುವ ಪಂಪು. ಇನ್ನೊಂದು, ದಿನಾ ಎರಡು ಹೊತ್ತು ತೆಗೆದುಕೊಂಡರೆ ಒಳಗಿನ ಊತ ಇಳಿಸುವ ಪಂಪು. ಮಳೆಗಾಲದಲ್ಲಿ ಮನೆ ಸೋರುತ್ತಿದೆ ಅಂದುಕೊಳ್ಳಿ. ನೀಲಿ ಪಂಪು ಸೋರುವ ಜಾಗಕ್ಕೆ ಪಾತ್ರೆ ಇಟ್ಟಂತೆ. ಇನ್ನೊಂದು, ಮೇಲೆ ಹತ್ತಿ ಹೆಂಚು ಸರಿಮಾಡಿದಂತೆ. ಪಾತ್ರೆ ಇಟ್ಟ ಕೂಡಲೇ ನೆಲ ಒಣಗುತ್ತದೆ, ಹಾಗಾಗಿ ಅದೇ ಒಳ್ಳೆಯ ಔಷಧಿ ಎಂದು ಜನ ನಂಬುತ್ತಾರೆ. ಹೆಂಚು ಹಾಕಿದ್ದು ಅವತ್ತು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಅದನ್ನು ಬಿಟ್ಟುಬಿಡುತ್ತಾರೆ. ಬರೀ ನೀಲಿ ಪಂಪಿನ ಮೇಲೆ ಬದುಕುವುದು ಅಪಾಯ ಎಂದು 2019ರಲ್ಲಿ ಜಾಗತಿಕ ಮಾರ್ಗಸೂಚಿಯೇ ಬದಲಾಯಿತು. ಹರೆಯದವರಿಗೂ ದೊಡ್ಡವರಿಗೂ ಅದೊಂದನ್ನೇ ಕೊಡಬೇಡಿ ಎಂದು ವೈದ್ಯರಿಗೆ ಹೇಳಲಾಯಿತು. ಬ್ರಿಟನ್ನಿನಲ್ಲಿ ಅಸ್ತಮಾದಿಂದ ಸತ್ತ 195 ಜನರ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಒಂದು ವರದಿ ಬಂತು. ಉಸಿರು ಕೆಟ್ಟಾಗ ಏನು ಮಾಡಬೇಕು ಎಂಬ ಬರಹದ ಯೋಜನೆ ಅವರಲ್ಲಿ ಶೇ. 23 ಜನರ ಬಳಿ ಮಾತ್ರ ಇತ್ತು. ಶೇ. 45 ಜನ ಸಹಾಯ ಕೇಳದೆಯೇ, ಇಲ್ಲವೇ ತುರ್ತು ಚಿಕಿತ್ಸೆ ಕೈಗೆಟುಕುವ ಮೊದಲೇ ತೀರಿಕೊಂಡಿದ್ದರು. ಆಸ್ಪತ್ರೆಯಲ್ಲಿ ದುಡ್ಡು ಕೇಳದ ದೇಶ ಅದು.

ಲೆಕ್ಕದ ವಿಷಯವೂ ಒಂದಿದೆ. 120 ಒತ್ತಿನ ಪಂಪು, ಬೆಳಿಗ್ಗೆ ಎರಡು, ರಾತ್ರಿ ಎರಡು. ಮೂವತ್ತು ದಿನಕ್ಕೆ ಮುಗಿಯಬೇಕು. ಒಬ್ಬರು "ನಮ್ದು ನಾಲ್ಕು ತಿಂಗಳಾಯ್ತು, ಇನ್ನೂ ಬರ್ತಾ ಇದೆ" ಎಂದು ಸಂತೋಷದಿಂದ ಹೇಳಿದರು. ಔಷಧಿ ಮುಗಿದ ಮೇಲೂ ಡಬ್ಬಿಯಲ್ಲಿ ಉಳಿದ ಅನಿಲ ಪುಸ್ ಎನ್ನುತ್ತದೆ. ಮೂರು ತಿಂಗಳು ಅವರು ಎಳೆದದ್ದು ಬರೀ ಗಾಳಿ. ಎಣಿಕೆ ತೋರಿಸುವ ಪಂಪು ಇದ್ದರೆ ಅದನ್ನು ನೋಡಿ. ಇಲ್ಲದಿದ್ದರೆ ಶುರು ಮಾಡಿದ ದಿನವೇ ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಗೋಡೆ ಕ್ಯಾಲೆಂಡರ್ ಇಲ್ಲದ ಮನೆ ನಾನು ನಮ್ಮ ಕಡೆ ನೋಡಿಲ್ಲ.

ಮೃಗಶಿರ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಜೀವಂತ ಮೀನಿನ ಮರಿಯನ್ನು ಹಳದಿ ಲೇಪದ ಜೊತೆ ನುಂಗಿಸುತ್ತಾರೆ. ಕಲ್ಯಾಣ ಕರ್ನಾಟಕದ ಕಡೆಯಿಂದಲೂ ಜನ ಹೋಗುತ್ತಾರೆ. ಅದರಿಂದ ಅಸ್ತಮಾ ಗುಣವಾಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರ ಇಲ್ಲ, ಅದನ್ನು ನೇರವಾಗಿಯೇ ಹೇಳುತ್ತೇನೆ. ಆದರೆ ಹೋಗಿ ಬಂದವರು ಹೇಳುವುದನ್ನು ಕೇಳಿದ್ದೇನೆ. ಅಲ್ಲಿ ಅವರನ್ನು ಮುಟ್ಟಿ ಮಾತಾಡಿಸುತ್ತಾರೆ, ಪಥ್ಯ ಏನು ಎಂದು ವಿವರವಾಗಿ ಹೇಳುತ್ತಾರೆ, ಮುಂದೆ ಯಾವಾಗ ಬರಬೇಕು ಎಂದು ತಿಳಿಸುತ್ತಾರೆ. ನಮ್ಮ ಹೊರರೋಗಿ ವಿಭಾಗದಲ್ಲಿ ಅಷ್ಟು ಹೇಳಿ ಕಳಿಸಿದ್ದರೆ ಅವರು ರೈಲು ಹತ್ತುತ್ತಿರಲಿಲ್ಲವೇನೋ. ಹೋಗುವವರಿಗೆ ನಾನು ಹೇಳುವುದು ಇಷ್ಟೇ: ದಿನದ ಪಂಪನ್ನು ನಿಲ್ಲಿಸಬೇಡಿ.

ಮದುವೆ ವಯಸ್ಸಿನ ಹೆಣ್ಣುಮಕ್ಕಳ ವಿಷಯ ಹೇಳದೆ ಹೋದರೆ ತಪ್ಪಾಗುತ್ತದೆ. ಹುಡುಗಿಗೆ ಉಬ್ಬಸ ಅಂದರೆ ಸಂಬಂಧ ತಪ್ಪುತ್ತದೆ ಎಂದು ಪಂಪನ್ನು ಬಚ್ಚಿಡಿಸುತ್ತಾರೆ. ಗಂಡನ ಮನೆಯಲ್ಲಿ ಸೌದೆ ಒಲೆಯ ಮುಂದೆ ಕೂತು, ಬಚ್ಚಲಮನೆಗೆ ಹೋಗಿ ಕದ್ದು ಪಂಪು ಎಳೆದ ಸೊಸೆಯಂದಿರನ್ನು ನೋಡಿದ್ದೇನೆ. ಬಸಿರಾದಾಗ "ಮಗುವಿಗೆ ಕೆಟ್ಟದ್ದು" ಎಂದು ಅದನ್ನೂ ಬಿಡಿಸುತ್ತಾರೆ. ಗರ್ಭಿಣಿಗೆ ಪಂಪಿಗಿಂತ ಉಬ್ಬಸವೇ ಹೆಚ್ಚು ಅಪಾಯ. ಆ ಹುಡುಗಿಗೆ ಮಾತ್ರ ತಿಳಿದಿದ್ದರೆ ಏನೂ ಆಗುವುದಿಲ್ಲ, ಅತ್ತೆಗೆ ತಿಳಿಯಬೇಕು, ಗಂಡನಿಗೆ ತಿಳಿಯಬೇಕು. ಅತ್ತೆಯರೇ, ಇಲ್ಲಿ ನೀವು ಬಹಳ ಜನ ಬಂದಿದ್ದೀರಿ. ಈ ಮಾತು ನಿಮಗೆ. ದೇವರ ಕೋಣೆಯ ಊದುಬತ್ತಿ, ರಾತ್ರಿಯ ಸೊಳ್ಳೆ ಬತ್ತಿ ಕೂಡ ಉಬ್ಬಸದವರಿಗೆ ಆಗುವುದಿಲ್ಲ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣ ಬಿಡುತ್ತದೆ ಎಂದು ಅಳೆದು ನೋಡಿದ್ದಾರೆ. ಸೊಳ್ಳೆ ಪರದೆ ಕಟ್ಟಿ.

ಫಿನ್ಲೆಂಡ್ ಎಂಬ ಸಣ್ಣ ದೇಶ 1994ರಲ್ಲಿ ಹತ್ತು ವರ್ಷದ ಅಸ್ತಮಾ ಕಾರ್ಯಕ್ರಮ ಶುರು ಮಾಡಿತು. ಹೊಸ ಔಷಧಿ ಕಂಡುಹಿಡಿದದ್ದಲ್ಲ. ಆರೋಗ್ಯ ಕೇಂದ್ರಗಳಲ್ಲಿ ನರ್ಸುಗಳನ್ನು, ಔಷಧಿ ಅಂಗಡಿಗಳಲ್ಲಿ ಫಾರ್ಮಸಿಸ್ಟುಗಳನ್ನು ತರಬೇತಿ ಕೊಟ್ಟು ಕೂರಿಸಿತು. ಪಂಪು ಕೊಡುವವರೇ ಎಳೆಸಿ ನೋಡಿ ಕಳಿಸುತ್ತಿದ್ದರು. ಹತ್ತು ವರ್ಷದಲ್ಲಿ ಅಸ್ತಮಾ ರೋಗಿಗಳು ಆಸ್ಪತ್ರೆಯಲ್ಲಿ ಕಳೆಯುವ ದಿನಗಳು ಅರ್ಧಕ್ಕಿಂತ ಕೆಳಗೆ ಇಳಿದವು. ನಮ್ಮಲ್ಲಿ ಪ್ರತಿ ಹಳ್ಳಿಯ ಮನೆ ಬಾಗಿಲು ಗೊತ್ತಿರುವ ಆಶಾ ಕಾರ್ಯಕರ್ತೆಯರಿದ್ದಾರೆ. ಅವರ ಮೇಲೆ ಈಗಾಗಲೇ ಹೊರೆ ಜಾಸ್ತಿ ಇದೆ, ಅದು ನನಗೆ ಗೊತ್ತು. ಅವರಿಗೆ ಸರಿಯಾದ ಸಂಬಳ ಕೊಟ್ಟು, ಕೈಗೆ ಒಂದು ಖಾಲಿ ಪಂಪು ಕೊಟ್ಟು ಕಲಿಸಿದರೆ, ಈ ತಾಲ್ಲೂಕಿನ ರಾತ್ರಿ ಪಾಳಿಗಳು ಬದಲಾಗುತ್ತವೆ ಎಂದು ನಂಬಿದ್ದೇನೆ.

ನಾನು ಈಗ ಮಾಡುವ ಕ್ರಮ ಹೇಳುತ್ತೇನೆ. "ಅರ್ಥವಾಯ್ತಾ?" ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಡಾಕ್ಟರು ಹಾಗೆ ಕೇಳಿದರೆ ನಮ್ಮ ಜನ ಮರ್ಯಾದೆಗೆ ಹೂಂ ಅನ್ನುತ್ತಾರೆ. ಅದರ ಬದಲು, "ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡ್ಬೇಕು, ಮನೇಲಿ ನಿಮ್ಮ ಯಜಮಾನರಿಗೆ ಹೇಗೆ ಹೇಳ್ತೀರೋ ಹಾಗೆ ನಂಗೂ ಹೇಳಿ" ಅನ್ನುತ್ತೇನೆ. ಆಗ ತಪ್ಪು ನನ್ನದಾಗುತ್ತದೆ, ಅವರ ಸಂಕೋಚ ಹೋಗುತ್ತದೆ. ಚೀಟಿಯಲ್ಲಿ 'ಎಸ್‌ಒಎಸ್' ಎಂದು ಬರೆಯುವುದಿಲ್ಲ, 'ಉಸಿರು ಕಟ್ಟಿದಾಗ ಮಾತ್ರ' ಎಂದು ಕನ್ನಡದಲ್ಲೇ ಬರೆಯುತ್ತೇನೆ. ಓದಲು ಬಾರದವರಿಗೆ ದಿನದ ಪಂಪಿಗೆ ಕೆಂಪು ದಾರ ಕಟ್ಟಿಕೊಡುತ್ತೇನೆ. ಅಪಾಯದ ಗುರುತಾಗಿ, ಎರಡರ ಮಗ್ಗಿ ಹೇಳುವಾಗ ಎರಡು ಮೂರು ಮಾತಿಗೊಮ್ಮೆ ಉಸಿರಿಗೆ ನಿಲ್ಲಬೇಕಾಗಿ ಬಂದರೆ ನೀಲಿ ಪಂಪು ಎಳೆಯಿರಿ, ಕಾಯಬೇಡಿ, ಗಾಡಿ ಹುಡುಕುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ ಎಂದು ಹೇಳಿಕೊಡುತ್ತೇನೆ. ಮಗ್ಗಿ ಬಾರದವರು ತಮ್ಮ ಮನೆಮಂದಿಯ ಹೆಸರು ಹೇಳಿಕೊಂಡು ನೋಡುತ್ತಾರೆ.

ಮಕ್ಕಳಿಗೆ, ವಯಸ್ಸಾದವರಿಗೆ ಪಂಪಿನ ತಾಳ ಹಿಡಿಯುವುದು ಕಷ್ಟ. ಅವರಿಗೆ ಪಂಪಿಗೂ ಬಾಯಿಗೂ ನಡುವೆ ಹಿಡಿಯುವ ಸ್ಪೇಸರ್ ಎಂಬ ಕೊಳವೆ ಬೇಕು. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಹೆದರ್ ಝಾರ್ ಎಂಬ ಮಕ್ಕಳ ವೈದ್ಯೆ ಮತ್ತು ಜೊತೆಗಾರರು, ಸ್ಪೇಸರ್ ಕೊಳ್ಳಲಾಗದ ಮನೆಗಳ ಮಕ್ಕಳಿಗಾಗಿ 500 ಮಿಲಿಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಪಂಪಿನ ಬಾಯಿ ಕೂರುವಷ್ಟೇ ತೂತು ಮಾಡಿ, ಸುತ್ತ ಅಂಟು ಹಾಕಿ ನೋಡಿದರು. ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತು ಎಂದು 1999ರಲ್ಲಿ ಪ್ರಕಟಿಸಿದರು. ಅಂಟು ಹಾಕದಿದ್ದರೆ ಅಷ್ಟು ಚೆನ್ನಾಗಿ ಆಗುವುದಿಲ್ಲ, ಅದನ್ನು ಮರೆಯಬೇಡಿ. ಬಾಟಲಿಯನ್ನು ಸೋಪಿನ ನೀರಲ್ಲಿ ತೊಳೆದು, ಒರೆಸದೆ ಹಾಗೇ ಆರಲು ಬಿಟ್ಟಿರಬೇಕು.

ಈ ಮೇಜಿನ ಮೇಲೆ ಅಂಥ ಆರು ಬಾಟಲಿ ಮಾಡಿ ತಂದಿದ್ದೇನೆ. ಪಕ್ಕದಲ್ಲಿ ಔಷಧಿ ಇಲ್ಲದ ಕಲಿಕೆಯ ಪಂಪುಗಳಿವೆ, ನಮ್ಮ ಸಿಸ್ಟರ್ ನಿಂತಿದ್ದಾರೆ. ನಿಮ್ಮ ಚೀಲದಲ್ಲಿ, ಜೇಬಿನಲ್ಲಿ ಪಂಪು ಇದ್ದರೆ ಹೊರಗೆ ತೆಗೆಯಿರಿ. ಒಬ್ಬೊಬ್ಬರೇ ಬನ್ನಿ, ದಿನಾ ಹೇಗೆ ಎಳೆಯುತ್ತೀರೋ ಹಾಗೇ ಎಳೆದು ತೋರಿಸಿ. ಹಿಂದೆ ಕಂಬದ ಹತ್ತಿರ ಕೂತಿರುವ ತಾಯಿ, ನೀವೇ ಮೊದಲು ಬನ್ನಿ.